ಎಡಗಾಲಿನ ಮಣ್ಣು

ಕರೀಂಸಾಬ್ ಹೆಣದ ಎಡಗಾಲಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಕಣಕಾಲಿನ ಮೇಲೆ ಸುತಳಿ ಸುತ್ತಿ ಗಂಟು ಹಾಕುತ್ತಿದ್ದ. ಒಂದು ಗಂಟು ಸಾಲದೆಂದು ಇನ್ನೊಂದು ಹಾಕಿದ. ಕಲಬುರಗಿಯ ಆಸ್ಪತ್ರೆಯ ಹಿಂಬಾಗಿಲಿಗೆ ಆಂಬುಲೆನ್ಸ್ ಬಂದು ನಿಂತು ಅರ್ಧ ಗಂಟೆಯಾಗಿತ್ತು. ಡ್ರೈವರ್ ಕಾದು ಬೇಸತ್ತು ಹಿಂದೆ ಬಂದು ಇಣುಕಿದ.

“ಏನ್ ಮಾಡಾಕತ್ತೀರಿ ಚಾಚಾ? ಕಾಲಿಗಿ ಕೆಸರ ಹತ್ತಿದ್ರ ಒಂದ್ ಬಾಟ್ಲಿ ನೀರ ಹಾಕಿ ತೊಳೀರಿ. ಚೀಲ ಯಾಕ ಕಟ್ತೀರಿ?”

“ತೊಳೀತೀವಿ. ಇಲ್ಲಲ್ಲ.”

“ಪೊಲೀಸ್ ಕೇಸ್ ಏನರ ಅದ ಏನು? ಇದ್ರ ಮೊದ್ಲೇ ಹೇಳ್ರಿ. ನಾ ಅಂಥಾದ್ದು ಒಯ್ಯಂಗಿಲ್ಲ.”

“ಹಾರ್ಟ್ ನಿಂತು ಹೋಗ್ಯಾನ ಅಂತ ಡಾಕ್ಟರ್ ಬರ್ದು ಕೊಟ್ಟಾರ ಭಾಯ್. ನೀ ಹೋಗಿ ಗಾಡಿ ಚಾಲೂ ಮಾಡು.”

ಡ್ರೈವರ್ ಹೋದ. ಹೋಗುವಾಗ ಪಕ್ಕದಲ್ಲಿ ನಿಂತಿದ್ದ ಸುಮಂಗಲಾಳ ಮುಖವನ್ನೊಮ್ಮೆ, ಹೆಣದ ಕಾಲನ್ನೊಮ್ಮೆ ನೋಡಿಯೇ ಹೋದ. ಅವನದೇನು ತಪ್ಪು? ಬಲಗಾಲು ಹಿಮ್ಮಡಿಯ ಬಿರುಕಿನ ತನಕ ಸ್ವಚ್ಛವಾಗಿ ತೊಳೆದಿತ್ತು. ಎಡಗಾಲಿಗೆ ಕಣಕಾಲಿನವರೆಗೂ ಮಣ್ಣು ಒಣಗಿ ಅಂಟಿತ್ತು. ಒಬ್ಬನೇ ಮನುಷ್ಯನ ಎರಡು ಕಾಲು ಹೀಗಿದ್ದರೆ ಯಾರಿಗಾದರೂ ಸಂಶಯ ಬರಬೇಕಾದ್ದೇ.

ಸತ್ತವನ ಮಗಳು ಸುಮಂಗಲಾಳಿಗೂ ಬಂದಿತ್ತು. ಅವಳು ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಮನೆ ಮಾಡಿಕೊಂಡಿರುವ ಶಾಲಾ ಶಿಕ್ಷಕಿ. ಅಪ್ಪ ದೇವಿಂದ್ರಪ್ಪ ನಿನ್ನೆ ಸಂಜೆ ಕಮಲಾಪುರದಲ್ಲಿ ತನ್ನ ಬಾಳೆ ತೋಟದ ಗೇಟಿನ ಮುಂದೆ ಬಿದ್ದ. ಆಸ್ಪತ್ರೆಗೆ ತಂದು ಮಲಗಿಸಿದಾಗಲೂ ಮಾತಾಡಲಿಲ್ಲ, ಬೆಳಗಿನ ಜಾವ ಹೋಗಿಬಿಟ್ಟ. ಸುದ್ದಿ ಕೇಳಿ ಮೋಮಿನಪುರದಿಂದ ಓಡಿ ಬಂದ ಕರೀಂಸಾಬ್ ಗೆಳೆಯನ ಮುಖವನ್ನು ಎಷ್ಟು ಹೊತ್ತು ನೋಡಿದನೋ, ಕಾಲನ್ನೂ ಅಷ್ಟೇ ಹೊತ್ತು ನೋಡಿದ್ದ.

“ಕಾಕಾ, ಖರೆ ಹೇಳ್ರಿ,” ಎಂದಳು ಗಾಡಿ ಹೊರಟ ಮೇಲೆ. “ಯಾಕ ಕಟ್ಟಿದ್ರಿ?”

“ಮಣ್ಣಿನಾಗ ಬಿಳಿ ಪುಡಿ ಕಾಣ್ತದೇನು ನೋಡು ಬೇಟಾ. ಬೂಷ್ಟು ಕೊಲ್ಲೋ ಅಂಗಡಿ ಔಷಧ ಅದು. ನಿಮ್ಮಪ್ಪ ಅಂಥಾದ್ದು ತ್ವಾಟದ ಹತ್ರನೂ ಬರಗೊಡತಿದ್ದಿಲ್ಲ. ಅಂದ್ರ ಇದು ಬಾಜೂ ಹೊಲದ ಮಣ್ಣು. ಮೌನೇಶಂದು.”

“ಅಪ್ಪ ಅಲ್ಲಿಗ್ಯಾಕ ಹೋಗಿದ್ದ? ಅವರಿಬ್ಬರಿಗಿ ಮಾತೇ ಇದ್ದಿಲ್ಲ.”

“ಅದನ್ನೇ ಕೇಳಬೇಕು. ಕೇಳೋತನಕ ಈ ಮಣ್ಣು ತೊಳೀಬ್ಯಾಡ್ರಿ. ಇನ್ನೊಂದು ಮಾತು. ಮೌನೇಶನ ಹೊಲಕ್ಕ ಸೊರಗು ರೋಗ ಬಿದ್ದದ. ಅದು ಮಣ್ಣಿನಾಗೇ ಇರೋ ರೋಗ, ಮಣ್ಣಿನ ಬೆನ್ನ ಹತ್ತೇ ಬರ್ತದ. ಈ ಕಾಲ ಹಿಂಗೇ ತ್ವಾಟದ ಒಳಗ ಹೋಗಬಾರ್ದು.”

ಮಹಾಗಾಂವ ಕ್ರಾಸ್ ದಾಟುವವರೆಗೆ ಸುಮಂಗಲಾ ಆ ಚೀಲವನ್ನೇ ನೋಡುತ್ತ ಕುಳಿತಳು. ತೋಟದ ಮೂಲೆಯಲ್ಲಿ, ಮೊದಲ ವರ್ಷದ ಗಿಡ ಹಚ್ಚಿದ ಜಾಗದಲ್ಲೇ ತನ್ನನ್ನು ಹೂಳಬೇಕೆಂದು ಅಪ್ಪ ಮನೆಯವರಿಗೆಲ್ಲ ಹೇಳಿ ಇಟ್ಟಿದ್ದ. ತೋಟಕ್ಕಿರುವುದು ಒಂದೇ ಬಂಡಿದಾರಿ. ಅದು ಮೌನೇಶನ ರೋಗದ ಬಾಳೆಯ ನಟ್ಟನಡುವೆ ಹಾದು ಬರುತ್ತದೆ. ಹೆಣದ ಹಿಂದೆ ನೂರು ಜನ ಬಂದರೆ ಇನ್ನೂರು ಕಾಲು. ಆರು ವರ್ಷ ಅಪ್ಪ ಸುತ್ತಲ ಹೊಲಗಳ ರೋಗವನ್ನು ಬದುವಿನಾಚೆ ನಿಲ್ಲಿಸಿದ್ದ. ಈಗ ಅವನನ್ನು ಮಣ್ಣು ಮಾಡುವುದೇ ಒಂದು ಮಧ್ಯಾಹ್ನದಲ್ಲಿ ಅದನ್ನು ಒಳಗೆ ಕರೆತಂದು ಕೂರಿಸುತ್ತದೆ. ಬೇರೆ ಕಡೆ ಹೂಳಿದರೆ ಅಪ್ಪನ ಮಾತು ಹೋಯಿತು, ಅಲ್ಲೇ ಹೂಳಿದರೆ ಅಪ್ಪನ ತೋಟ ಹೋಯಿತು.

* * *

ದೇವಿಂದ್ರಪ್ಪ ಕಲಬುರಗಿಯ ಒಂದು ಸರ್ಕಾರಿ ಕೃಷಿ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಗಾಜಿನ ಬಾಟಲಿ ತೊಳೆದ. ಕರೀಂಸಾಬ್ ಅಲ್ಲಿಯ ಜೀಪು ಓಡಿಸುತ್ತಿದ್ದ. ಆ ಬಾಟಲಿಗಳಲ್ಲಿ ಸಾಹೇಬರು ಹಸಿರು ಬೂಷ್ಟು ಬೆಳೆಸುತ್ತಿದ್ದರು. ಅದರ ಹೆಸರು ಟ್ರೈಕೋಡರ್ಮಾ. ಕೊಳೆತು ಹೋಗಿದ್ದೆಂದು ತಿಳಿದು ದೇವಿಂದ್ರಪ್ಪ ಮೊದಲ ವಾರವೇ ಇಪ್ಪತ್ತು ಬಾಟಲಿ ತಿಕ್ಕಿ ತೊಳೆದು ಫಳಫಳ ಮಾಡಿ ಇಟ್ಟ. ಅವತ್ತು ಬೈಸಿಕೊಂಡದ್ದನ್ನು ನೆನೆಸಿಕೊಂಡು ಸಾಯುವ ತನಕ ನಗುತ್ತಿದ್ದ. ತೊಳೆಯಬಾರದ ಬೂಷ್ಟು ಯಾವುದೆಂದು ಅಲ್ಲಿಂದಾಚೆ ಕಲಿತ. ಕೇಳಿ ಕೇಳಿ, ನೋಡಿ ನೋಡಿ, ಅದನ್ನು ಬೆಳೆಸುವುದನ್ನೂ ಕಲಿತ.

ನೌಕರಿ ಮುಗಿದ ಮೇಲೆ ಕಮಲಾಪುರದ ತನ್ನ ಎರಡು ಎಕರೆಗೆ ಕೆಂಪು ಬಾಳೆ ಹಚ್ಚಿದ. ನೆರಳಿನ ಚಪ್ಪರದ ಕೆಳಗೆ ತಿಪ್ಪೆಗೊಬ್ಬರದ ಗುಂಪಿ ಹಾಕಿ, ಬೇವಿನ ಹಿಂಡಿ ಬೆರೆಸಿ, ಹಸಿರು ಬೂಷ್ಟು ಕೂಡಿಸಿ, ಒದ್ದೆ ಗೋಣಿಚೀಲ ಮುಚ್ಚುತ್ತಿದ್ದ. ಹದಿನೈದು ದಿನಕ್ಕೆ ಗೊಬ್ಬರದ ತುಂಬ ಹಸಿರು ಹಬ್ಬುತ್ತಿತ್ತು. ಅದನ್ನೇ ಬುಡಬುಡಕ್ಕೆ ಹಾಕುತ್ತಿದ್ದ.

“ಇದು ಔಷಧ ಅಲ್ಲ, ಕಾವಲು,” ಎನ್ನುತ್ತಿದ್ದ. “ಬೇರಿನ ಸುತ್ತ ಇದು ಮೊದ್ಲು ಹೋಗಿ ಕುಂತ್ರ ಕೆಟ್ಟ ಬೂಷ್ಟಿಗಿ ಕುಂದ್ರಾಕ ಜಾಗ ಸಿಗಂಗಿಲ್ಲ. ಆದ್ರ ಒಬ್ಬ ಕಾವಲುಗಾರ ಎಷ್ಟಂತ ಹೊಡೆದಾಡ್ಯಾನು? ಕಳ್ಳನ್ನ ನಾವೇ ಕಾಲಿಗಿ ಕಟ್ಕೊಂಡು ಒಳಗ ಒಯ್ಯಬಾರ್ದು.”

ಅದಕ್ಕೇ ಗೇಟಿನ ಮುಂದೆ ಸಿಮೆಂಟಿನ ತೊಟ್ಟಿ ಕಟ್ಟಿಸಿದ. ಬ್ಲೀಚಿಂಗ್ ಪೌಡರ್ ಕಲಸಿದ ನೀರು, ಒಂದು ತಂಬಿಗೆ, ತಿಕ್ಕಲು ತೆಂಗಿನ ನಾರು. ಚಪ್ಪಲಿ ಹೊರಗೆ ಬಿಟ್ಟು, ಬೆರಳ ಸಂದಿಯವರೆಗೆ ಕಾಲು ತೊಳೆದವನಿಗೆ ಮಾತ್ರ ಒಳಗೆ ಪ್ರವೇಶ. ಪಂಚಾಯಿತಿ ಮೆಂಬರಿಗೂ ಅದೇ, ಬಾಳೆ ಕೊಳ್ಳಲು ಬಂದ ವ್ಯಾಪಾರಿಗೂ ಅದೇ, ಸ್ವಂತ ಅಳಿಯನಿಗೂ ಅದೇ.

ಊರಿನ ಮೇಲಿನ ಓಣಿಯಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು? ದೇವಿಂದ್ರಪ್ಪನ ಅಪ್ಪ ಆ ಓಣಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಅದನ್ನು ಕಂಡವರು ಇನ್ನೂ ಬದುಕಿದ್ದಾರೆ. ಈಗ ಅವನ ಮಗ ತಮ್ಮ ಚಪ್ಪಲಿ ಬಿಡಿಸಿ ಕಾಲು ತೊಳೆಸುತ್ತಿದ್ದಾನೆ. ರೋಗ ಬರೀ ನೆಪ, ಇದು ಹಳೆಯ ಸೇಡು ಎಂದು ಅವರು ನಿಶ್ಚಯ ಮಾಡಿಕೊಂಡರು. ದೇವಿಂದ್ರಪ್ಪನ ಸ್ವಂತ ಓಣಿಯವರು ಬಿಟ್ಟರೇ? ಅವರು ಇದಕ್ಕೆ ದೊಡ್ಡಸ್ತಿಕೆ ಎಂದು ಹೆಸರಿಟ್ಟರು. ಸುಮಂಗಲಾಳೂ ಒಂದು ಸಲ ನೇರವಾಗಿ ಕೇಳಿದ್ದಳು, ಇದು ಸೇಡೇನಪ್ಪಾ ಅಂತ.

“ಆ ಸೇಡು ತೀರಿಸ್ಕೋಬೇಕಂದ್ರ ತೊಟ್ಟಿ ಸಾಲಂಗಿಲ್ಲವ್ವ, ಕೆರಿ ಬೇಕು,” ಎಂದು ನಕ್ಕಿದ್ದ. ಆಮೇಲೆ ನಗು ನಿಲ್ಲಿಸಿ, “ಕಾಲ ಯಾರದಂತ ರೋಗ ಕೇಳಂಗಿಲ್ಲ. ನಾ ಯಾಕ ಕೇಳಲಿ?” ಎಂದಿದ್ದ.

ಬಾಜೂ ಹೊಲದ ಮೌನೇಶನಿಗಂತೂ ಇದು ಹಿಡಿಸಲೇ ಇಲ್ಲ. ಮೇಲಿನ ಓಣಿಯವನು ಅವನು. ದೇವಿಂದ್ರಪ್ಪ ಧಣಿ ಅನ್ನದೆ, ಅಪ್ಪ ಅನ್ನದೆ, ಬರೀ ಮೌನೇಶ ಎಂದು ಕರೆಯುವುದೇ ಅವನ ಸಿಟ್ಟಿಗೆ ಸಾಕಾಗಿತ್ತು. ಹೋದ ವರ್ಷ ಅವನ ಬಾಳೆ ಸೊರಗಲು ಹತ್ತಿದಾಗ ಗೇಟಿನ ಹೊರಗೆ ನಿಂತೇ ಗೊಬ್ಬರ ಕೇಳಿದ. ದೇವಿಂದ್ರಪ್ಪ ಎರಡು ಚೀಲ ಕೊಟ್ಟ. ಗಿಡ ಸಾಯುವುದು ನಿಲ್ಲಲಿಲ್ಲ. “ಚಲೋದು ತನಗಿಟ್ಕೊಂಡು ಸತ್ತದ್ದು ನನಗ ಕೊಟ್ಟಾನ,” ಎಂದು ಮೌನೇಶ ಚಹಾದಂಗಡಿಯಲ್ಲಿ ಹೇಳಿದ ಮೇಲೆ ಇಬ್ಬರ ನಡುವೆ ಮಾತು ನಿಂತಿತು.

* * *

ಕಮಲಾಪುರದ ಮನೆಯ ಅಂಗಳದಲ್ಲಿ ಹೆಣ ಇಳಿಸಿದಾಗ ಹತ್ತು ಗಂಟೆ. ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದ್ದರು. ದೇವಿಂದ್ರಪ್ಪನ ಅಣ್ಣನ ಮಗ ದಿಲೀಪ ಬಿಳಿ ಬಟ್ಟೆ, ನೀಲಿ ಬಾವುಟ, ಎಲ್ಲಾ ತಂದಿಟ್ಟು ಓಡಾಡುತ್ತಿದ್ದ. ಜಳಕ ಮಾಡಿಸಲು ಹೋದವನು ಕಾಲಿನ ಚೀಲ ಕಂಡು ಸುತಳಿ ಬಿಚ್ಚಲು ಕೈ ಹಾಕಿದ. ದೇವಿಂದ್ರಪ್ಪನ ಹೆಂಡತಿ ಪುತಳಾಬಾಯಿ ಆ ಕೈ ಹಿಡಿದಳು.

“ಬ್ಯಾಡ. ಎಡಗಾಲ ಬಿಟ್ಟು ಉಳಿದದ್ದು ತೊಳೀರಿ.”

“ಕಾಕು, ನೋಡಿದ ಮಂದಿ ಏನಂದಾರು?”

“ಬದುಕಿದ್ದಾಗ ಅಂದಿಲ್ಲೇನು? ಅನ್ಲಿ.”

ಮಂದಿ ಅನ್ನಲು ಶುರುಮಾಡಿಯೇ ಬಿಟ್ಟಿದ್ದರು. ಹಾವು ಕಡಿದಿರಬೇಕೆಂದು ಒಬ್ಬ, ಯಾರೋ ಹೊಡೆದಿರಬೇಕೆಂದು ಇನ್ನೊಬ್ಬ. ಮೌನೇಶನ ತಾಯಿ ಸಾಬಮ್ಮ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಮೂಗು ಒರೆಸಿಕೊಂಡು ಅತ್ತಳು. ಅಳು ಮುಗಿದ ಮೇಲೆ ಪಕ್ಕದವಳ ಕಿವಿಗೆಂದು ಶುರುಮಾಡಿದ ಮಾತು ಅಂಗಳಕ್ಕೆಲ್ಲ ಕೇಳಿಸಿತು.

“ನಿನ್ನಿ ಹೊತ್ತು ಮುಳುಗೋ ಮುಂದ ತಲಿ ಮ್ಯಾಲ ಚೀಲ ಹೊತ್ಕೊಂಡು ನಮ್ಮ ತ್ವಾಟದಾಗ ಹೊಕ್ಕಿದ್ದನವ್ವ. ನಾ ಕಣ್ಣಾರೆ ನೋಡೀನಿ. ತಿರುಗಿ ಹೋಗೋ ಮುಂದ ಚೀಲ ಇದ್ದಿಲ್ಲ. ಏನ್ ಹಾಕಿ ಹೋದನೋ ಏನೋ. ಸತ್ತವರ ಮ್ಯಾಲ ಹೇಳಬಾರ್ದು, ಬಿಡು.”

ಹೇಳಬಾರದ್ದನ್ನು ಪೂರಾ ಹೇಳಿ ಮುಗಿಸಿ, ಬಿಡು ಅಂದಳು. ಸುಮಂಗಲಾಳಿಗೆ ಮೈಯೆಲ್ಲ ಉರಿಯಿತು.

“ಆಯಿ, ನಿಮ್ಮ ಮಗ ಎಲ್ಲಿ?”

“ಬರ್ತಾನವ್ವ. ಬಾಳಿಗಿ ನೀರ ಬಿಡಾಕ ಹೋಗ್ಯಾನ.”

ಬಾಜೂ ಹೊಲದವನು ಸತ್ತು ಬಿದ್ದಿರುವಾಗ ಸಾಯುವ ಗಿಡಕ್ಕೆ ನೀರು ಬಿಡಲು ಹೋಗಿದ್ದಾನೆ. ಅವನಿಗೆ ಈ ಅಂಗಳಕ್ಕೆ ಬರಲು ಮುಖವಿಲ್ಲ ಎಂದು ಸುಮಂಗಲಾಳಿಗೆ ಆ ಕ್ಷಣದಲ್ಲೇ ಖಾತ್ರಿಯಾಯಿತು. ಅಪ್ಪನಿಗೆ ಅವನು ಏನೋ ಅಂದಿದ್ದಾನೆ. ಎದೆ ಒಡೆಯುವಂಥದ್ದು. ಅವ್ವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೇಳಿದಳು, “ಅಪ್ಪ ನಿನ್ನಿ ಚೀಲದಾಗ ಏನ್ ಒಯ್ದಿದ್ದ? ನನಗೂ ಹೇಳಬಾರ್ದೇನು?”

ಪುತಳಾಬಾಯಿ ಬಾಗಿಲು ಮುಂದಕ್ಕೆ ಮಾಡಿ ಹೇಳಿದಳು.

* * *

ಇಪ್ಪತ್ತು ದಿನದ ಹಿಂದಿನ ಮಾತು. ಚಪ್ಪರದ ಪಕ್ಕದ ಬಾಳೆಗಿಡದ ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ, ಮುರಿದು ಜೋತುಬಿದ್ದಿತ್ತು. ದೇವಿಂದ್ರಪ್ಪ ಕುಡುಗೋಲು ತಂದು ಬುಡ ಕಡಿದ. ಒಳಗೆ ಬೆಳ್ಳಗಿರಬೇಕಾದ ಜಾಗದಲ್ಲಿ ಸೊರಗು ರೋಗದ ಕಂದು ಉಂಗುರ. ಕುಡುಗೋಲನ್ನು ಅಲ್ಲೇ ಬಿಟ್ಟು ನೆಲಕ್ಕೆ ಕುಳಿತ.

“ಯಾರೋ ಕಾಲ ತೊಳೀದೆ ಒಳಗ ಬಂದಾರ ಪುತಳಿ.”

ಆಗ ಪುತಳಾಬಾಯಿಗೆ ದೀಪಾವಳಿಯ ಹಿಂದುಮುಂದಿನ ಒಂದು ಸಂಜೆ ನೆನಪಾಯಿತು. ಗುಂಪಿಯ ಮೇಲಿನ ಗೋಣಿಚೀಲದ ಮೂಲೆ ಸರಿದು, ಒಂದು ಬುಟ್ಟಿಯಷ್ಟು ಗೊಬ್ಬರ ಹೋಗಿತ್ತು. ನಾಯಿ ಕೆದರಿರಬೇಕೆಂದು ಇಬ್ಬರೂ ಸುಮ್ಮನಾಗಿದ್ದರು. ನಾಯಿ ಬುಟ್ಟಿ ತರುವುದಿಲ್ಲವೆಂದು ಈಗ ಹೊಳೆಯಿತು.

“ಮೌನೇಶನೇ. ಹೋಗಿ ಕೇಳ್ರಿ,” ಎಂದಳು.

“ಕೇಳಿದ್ರ ಇಲ್ಲ ಅಂತಾನ. ಅವ ಇಲ್ಲ ಅಂದಮ್ಯಾಲ ನಾ ಸುಳ್ಳ ಹೇಳ್ದಂಗ ಆಗ್ತದ.”

ಗಿಡವನ್ನು ಬೇರುಸಹಿತ ಕಿತ್ತು ಸುಟ್ಟ. ಗುಂಡಿಗೆ ಸುಣ್ಣ ಹಾಕಿದ. ಸುತ್ತಲಿನ ಗಿಡಗಳಿಗೆ ಬುಟ್ಟಿ ಬುಟ್ಟಿ ಹಸಿರು ಗೊಬ್ಬರ ಹೊತ್ತ. ಊಟ ಸೇರಲಿಲ್ಲ, ಗೇಟಿನ ಕಡೆ ಯಾರು ಹಾದರೂ ಎದ್ದು ನಿಂತು ಕಾಲು ನೋಡುತ್ತಿದ್ದ. ಜೀವಮಾನದಲ್ಲಿ ಯಾರನ್ನೂ ಸಂಶಯದಿಂದ ನೋಡದ ಮನುಷ್ಯ ಇಪ್ಪತ್ತು ದಿನದಲ್ಲಿ ಇಳಿದುಹೋದ. ನಿನ್ನೆ ಸಂಜೆ ಗುಂಪಿಯಿಂದ ಒಂದು ಚೀಲ ತುಂಬಿ ತಲೆಯ ಮೇಲೆ ಹೊತ್ತ.

“ಎಲ್ಲಿಗಿ?”

“ಕೇಳಿ ಬರ್ತೀನಿ. ಇದು ಹಿಂಗ ಇದ್ರ ನಾ ಬದುಕಂಗಿಲ್ಲ.”

ಅರ್ಧ ಗಂಟೆಯ ಮೇಲೆ ಅವಳು ಗೇಟಿಗೆ ಹೋದಾಗ ಅವನು ತೊಟ್ಟಿಯ ಪಕ್ಕ ಬಿದ್ದಿದ್ದ. ಕೈಯಲ್ಲಿ ತೆಂಗಿನ ನಾರು ಇತ್ತು. ಒಂದು ಕಾಲು ತೊಳೆದಾಗಿತ್ತು.

* * *

ಮೂರು ಗಂಟೆಗೆ ಹೆಣ ಎತ್ತಿದರು. ಕರೀಂಸಾಬ್ ಹಟ ಹಿಡಿದು ಮುಂದಿನ ಬಿದಿರಿಗೆ ಹೆಗಲು ಕೊಟ್ಟ. “ಬುದ್ಧಂ ಶರಣಂ ಗಚ್ಛಾಮಿ” ಎನ್ನುತ್ತ ಮಂದಿ ಬಂಡಿದಾರಿ ಹಿಡಿದರು. ಎರಡೂ ಕಡೆ ಮೌನೇಶನ ಬಾಳೆ, ಒಣಗಿದ ಎಲೆಗಳನ್ನು ಸೊಂಟದ ಸುತ್ತ ಇಳಿಬಿಟ್ಟು ನಿಂತಿತ್ತು. ನೀರು ಬಿಟ್ಟ ನೆಲ ಹಸಿಯಾಗಿತ್ತು, ಎಲ್ಲರ ಚಪ್ಪಲಿಗೂ ಮಣ್ಣು ಮೆತ್ತಿಕೊಂಡಿತು. ಪಂಪಿನ ಹತ್ತಿರ ನಿಂತಿದ್ದ ಮೌನೇಶ ತಲೆಯ ವಸ್ತ್ರ ತೆಗೆದು, ಯಾರ ಮುಖವನ್ನೂ ನೋಡದೆ ಕೊನೆಗೆ ಬಂದು ಸೇರಿಕೊಂಡ.

ಗೇಟು ಮುಚ್ಚಿತ್ತು. ಅದರ ಮುಂದೆ ಪುತಳಾಬಾಯಿ ನಿಂತಿದ್ದಳು. ಒಬ್ಬರಷ್ಟೇ ಹಾಯುವ ಬದುವಿನ ಅಡ್ಡದಾರಿಯಿಂದ ಮೊದಲೇ ಬಂದು ತೊಟ್ಟಿ ತುಂಬಿಸಿ, ಬ್ಲೀಚಿಂಗ್ ಪೌಡರ್ ಕಲಸಿ ಇಟ್ಟಿದ್ದಳು.

“ಹೆಣ ಈ ಶಹಾಬಾದ ಕಲ್ಲಿನ ಮ್ಯಾಲ ಇಳಸ್ರಿ. ಎಲ್ಲರೂ ಕಾಲ ತೊಳ್ಕೋರಿ. ಆಮ್ಯಾಲ ಗೇಟ ತೆಗೀತೀನಿ.”

ದಿಲೀಪನಿಗೆ ನಾಚಿಕೆಯಾಯಿತು. “ಕಾಕು, ಮಣ್ಣ ಕೊಟ್ಟು ತಿರುಗಿ ಹೋಗೋ ಮುಂದ ಕಾಲ ತೊಳೀತಾರ. ಮಣ್ಣಿಗಿ ಬರೋ ಮುಂದ ಎಲ್ಲಿ ತೊಳೀತಾರ?”

“ಸತ್ತರೂ ಬಿಡಲಿಲ್ಲ ನೋಡು,” ಎಂದಿತು ಹಿಂದಿನಿಂದ ಒಂದು ದನಿ. ಮೇಲಿನ ಓಣಿಯ ಇಬ್ಬರು ವಸ್ತ್ರ ಝಾಡಿಸಿಕೊಂಡು ತಿರುಗಿ ನಡೆದರು. ಅವರ ಹಿಂದೆ ಇನ್ನಷ್ಟು ಮಂದಿ ಹೋಗಲೋ ಬೇಡವೋ ಎಂದು ನಿಂತರು. ಇವರೆಲ್ಲ ಸಿಟ್ಟಿನಿಂದ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದರೆ ತಡೆಯಲು ಅವ್ವನ ಎರಡು ಕೈ ಬಿಟ್ಟು ಬೇರೇನಿರಲಿಲ್ಲ. ಸುಮಂಗಲಾ ಹೆಣದ ಪಕ್ಕ ಕುಳಿತು, ಸುತಳಿಯ ಎರಡೂ ಗಂಟು ಬಿಚ್ಚಿ, ಚೀಲ ತೆಗೆದಳು.

“ಮೌನೇಶಣ್ಣ, ಮುಂದ ಬರ್ರಿ.”

ಮಂದಿ ಸರಿದು ದಾರಿ ಕೊಟ್ಟರು. ಅವನು ಬಂದ.

“ಈ ಮಣ್ಣು ನಿಮ್ಮದು. ಬಿಳಿ ಪುಡಿ ಅದ ನೋಡ್ರಿ. ನಿನ್ನಿ ಅಪ್ಪ ನಿಮ್ಮ ಹತ್ರ ಬಂದಿದ್ದ. ತಿರುಗಿ ಬಂದು ಇಲ್ಲೇ ಬಿದ್ದ. ಏನಂದ್ರಿ ಅವನಿಗಿ?”

“ನಾ ಏನೂ ಅಂದಿಲ್ಲ ತಂಗಿ.”

“ಪುಡಿ ನಿಂದೇ ಹೌದಲ್ಲ?” ಎಂದ ಕರೀಂಸಾಬ್.

“ಹೌದ್ರಿ. ಹಾಕೀನಿ. ಅವ ಕೊಟ್ಟ ಗೊಬ್ಬರದ ಮ್ಯಾಲ ನಂಬಿಗಿ ಬರಲಿಲ್ಲ. ಅದನ್ನೂ ಹಾಕ್ದೆ, ಅದರ ಮ್ಯಾಲ ಇದನ್ನೂ ಹಾಕ್ದೆ.”

“ಯಾ ಅಲ್ಲಾ,” ಎಂದು ಕರೀಂಸಾಬ್ ಹಣೆಗೆ ಕೈ ಹಚ್ಚಿಕೊಂಡ. “ಬೂಷ್ಟು ಕೊಲ್ಲೋ ಪುಡಿ ಅದು. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಅದಕ್ಕೇನ್ ಗೊತ್ತು? ಕಾವಲಿಗಿ ಕೊಟ್ಟದ್ದನ್ನ ನಿನ್ನ ಕೈಯ್ಯಾರೆ ಕೊಂದಿ.”

ಮೌನೇಶ ಎಡಗಾಲನ್ನು ನೋಡುತ್ತಲೇ ಇದ್ದ.

“ದೀಪಾಳಿ ಮುಂದ ನಾನೇ ಬಂದಿದ್ದೆ,” ಎಂದ. “ಈ ಗೇಟ ಹಾರಿ. ತನ್ನ ಗಿಡಕ್ಕ ಹಾಕೋದು ಬ್ಯಾರೆ ಇರಬೇಕು ಅಂತ ಸಂಶಯ ಬಂತು, ಒಂದು ಬುಟ್ಟಿ ಕದ್ದು ಒಯ್ದೆ. ನಿನ್ನಿ ಅವ ಬಂದು ಕೇಳ್ದ, ನೀ ನನ್ನ ತ್ವಾಟದಾಗ ಬಂದಿದ್ದೇನು ಮೌನೇಶ ಅಂತ. ನಾ ಅವ್ವನ ಮ್ಯಾಲ ಆಣಿ ಮಾಡಿ ಇಲ್ಲ ಅಂದೆ.”

ಸಾಬಮ್ಮ ಗುಂಪಿನಲ್ಲೇ ಇದ್ದಳು. ಅವಳ ತೆರೆದ ಬಾಯಿ ತೆರೆದೇ ಉಳಿಯಿತು.

“ಅಪ್ಪ ಏನಂದ?” ಎಂದಳು ಸುಮಂಗಲಾ.

“ತಲಿ ಮ್ಯಾಲಿನ ಚೀಲ ಇಳಿಸಿ ಹೇಳ್ದ, ನನ್ನ ಗಿಡಕ್ಕ ಹಾಕೋದು ಇದೇ, ನನ್ನ ಗುಂಪಿಯಿಂದೇ ತಂದೀನಿ, ಇನ್ನ ಮುಂದ ಬೇಕಾದ್ರ ಗೇಟಿನ್ಯಾಗ ನಿಂತು ಒದರು, ನಾ ತಂದು ಕೊಡ್ತೀನಿ, ಬಿಳಿ ಪುಡಿ ಒಂದು ಬಂದ್ ಮಾಡು ಅಂತ. ಎದಿ ತಿಕ್ಕೋತಿದ್ದ, ತಂಗಿ. ನನಗ ಕಾಣ್ತಿತ್ತು. ನಾ ಕುಂದ್ರು ಅನ್ನಲಿಲ್ಲ.”

ಬೆಳಗಿನಿಂದ ಸುಮಂಗಲಾ ಈ ಮನುಷ್ಯನಿಗೆ ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಬಾಯಿಗೆ ಬಂದು ಅಲ್ಲೇ ನಿಂತಿತು. ಅವಳಿಗೆ ಅಳು ಬಂತು. ಅತ್ತಳು.

ಮೊದಲು ಮುಂದೆ ಬಂದವಳು ಸಾಬಮ್ಮ. ಮಗನ ಕಡೆ ತಿರುಗಿಯೂ ನೋಡದೆ ಚಪ್ಪಲಿ ಬಿಟ್ಟಳು, ಸೀರೆ ಮೇಲೆತ್ತಿ ತೊಟ್ಟಿಯಲ್ಲಿ ಕಾಲಿಟ್ಟು, ನಾರು ತೆಗೆದುಕೊಂಡು ತಿಕ್ಕತೊಡಗಿದಳು. ಪುತಳಾಬಾಯಿ ಅವಳ ರಟ್ಟೆ ಹಿಡಿದು ಆಚೆ ದಾಟಿಸಿದಳು. 

ಆಮೇಲೆ ಒಬ್ಬೊಬ್ಬರಾಗಿ ಬಂದರು. ಮೌನೇಶ ತಂಬಿಗೆ ಎತ್ತಿಕೊಂಡು ತೊಟ್ಟಿಯ ಪಕ್ಕ ಬಾಗಿ ನಿಂತ. ಯಾರ ಕಾಲೆಂದು ತಲೆಯೆತ್ತಿ ನೋಡದೆ ಬಂದ ಬಂದ ಕಾಲಿಗೆಲ್ಲ ನೀರು ಹಾಕಿದ. ದಿಲೀಪನ ಓಣಿಯ ಮಂದಿ ಮೊದಲು ಹಿಂಜರಿದರು, ಅವನು ನೀರು ಹಾಕುತ್ತಲೇ ಇದ್ದುದರಿಂದ ಕಾಲು ಚಾಚಿದರು. ಅರ್ಧ ದಾರಿಗೆ ಹೋಗಿ ನಿಂತಿದ್ದ ಮೇಲಿನ ಓಣಿಯವರಲ್ಲಿ ಒಬ್ಬ ವಾಪಸು ಬಂದ. ಇನ್ನೊಬ್ಬ ಬರಲಿಲ್ಲ. ಕೊನೆಗೆ ಹೆಣ ಹೊತ್ತವರು ತೊಳೆದುಕೊಂಡರು.

“ಇವರದೊಂದು ಕಾಲ ಉಳೀತು,” ಎಂದಳು ಪುತಳಾಬಾಯಿ.

ಮೌನೇಶ ಕಲ್ಲಿನ ಮೇಲೆ ಮಂಡಿಯೂರಿದ. ದೇವಿಂದ್ರಪ್ಪನ ಎಡಗಾಲನ್ನು ಅಂಗೈಯಲ್ಲಿ ಇಟ್ಟುಕೊಂಡು ನೀರು ಹಾಕಿದ. ಒಣಗಿದ ಮಣ್ಣು ಬೇಗ ಬಿಡಲಿಲ್ಲ. ನಾರಿನಿಂದ ತಿಕ್ಕಿದ, ಆಮೇಲೆ ನಾರು ಬದಿಗಿಟ್ಟು ಹೆಬ್ಬೆರಳಿನಿಂದ ಬೆರಳ ಸಂದಿ ಸಂದಿ ತೊಳೆದ. ಕದಡಿದ ನೀರು ಕಲ್ಲಿನ ಇಳಿಜಾರಿನಲ್ಲಿ ಹರಿದು ಅವನದೇ ಹೊಲದ ಕಡೆ ಹೋಯಿತು. ಎರಡೂ ಕಾಲು ಒಂದೇ ಥರ ಆದ ಮೇಲೆ ಪುತಳಾಬಾಯಿ ಗೇಟು ತೆಗೆದಳು.

ಹೆಣ ಒಳಗೆ ಹೋಯಿತು. ಮೌನೇಶ ಹೊರಗೇ ಉಳಿದ. ಸ್ವಲ್ಪ ಹೊತ್ತಿನ ಮೇಲೆ ಬಾಳೆಯ ನಡುವಿನಿಂದ ದಿಲೀಪನ ದನಿ ಕೇಳಿತು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕ್ರಿ ಅಂತ. ಮೌನೇಶ ರೂಢಿಯಂತೆ ಬಾಗಿ, ನಿಂತಲ್ಲಿಂದಲೇ ಒಂದು ಹಿಡಿ ಮಣ್ಣು ತೆಗೆದುಕೊಂಡ. ಗೇಟಿನವರೆಗೆ ಹೋಗಿ ನಿಂತು ಕೈಯಲ್ಲಿದ್ದ ರೋಗದ ಮಣ್ಣನ್ನು ನೋಡಿದ. ಮುಷ್ಟಿ ಬಿಚ್ಚಿ ಅದನ್ನು ತನ್ನ ಹೊಲದ ಕಡೆಗೇ ಉದುರಿಸಿ, ತೊಟ್ಟಿಯ ಅಂಚಿನಲ್ಲಿ ಕುಳಿತ. ಚಪ್ಪಲಿ ಕಳಚಿ, ಎಡಗಾಲನ್ನು ಮೊದಲು ನೀರಿನಲ್ಲಿಟ್ಟ.